ಡಬ್ಬಿ ಕಳೆದುಕೊಂಡ ವಾಚು

ಕಳೆದ ಭಾನುವಾರ ಎರಡು ಎಚ್‌ಎಂಟಿ ಪೈಲಟ್ ವಾಚು ನೋಡಿದೆ. ಯಶವಂತಪುರದಲ್ಲಿ ವ್ಯಾಪಾರಿಯೊಬ್ಬರು ತೋರಿಸಿದ್ದಕ್ಕೆ ಡಬ್ಬಿ, ಗ್ಯಾರಂಟಿ ಕಾರ್ಡು ಎರಡೂ ಇದ್ದವು. ಜಾಲಹಳ್ಳಿಯ ಹಿರಿಯರೊಬ್ಬರ ಮನೆಯಲ್ಲಿ ಕಂಡದ್ದು ಕರವಸ್ತ್ರದಲ್ಲಿ ಸುತ್ತಿಟ್ಟಿತ್ತು. ಮೊದಲನೆಯದರ ಬೆಲೆ ಎರಡರಷ್ಟು. ಕರವಸ್ತ್ರದ ವಾಚನ್ನೇ ಕೊಂಡೆ.

ವ್ಯಾಪಾರಿಯ ವಾಚಿನ ಡಯಲ್ ಮೇಲೆ ಭೂತಗನ್ನಡಿ ಹಿಡಿದಾಗ ಅಕ್ಷರಗಳ ಅಂಚು ಹರಡಿದ್ದು ಕಂಡಿತು. ನಿಮಿಷದ ಗೆರೆಗಳು ಅಂಕಿಗಳ ನೇರಕ್ಕಿರಲಿಲ್ಲ. ಹೊಸದಾಗಿ ಬಣ್ಣ ಬಳಿದ ಡಯಲ್ ಅದು. ಕಾರ್ಡಿನಲ್ಲಿ ಬರೆದಿದ್ದ ಮಾಡಲ್ ಹೆಸರು ‘ಜನತಾ’, ಪೈಲಟ್ ಅಲ್ಲ. ಡಬ್ಬಿಯೂ ಕಾರ್ಡೂ ಅಸಲಿಯೇ, ಆದರೆ ಬೇರೆ ಯಾವುದೋ ವಾಚಿನವು.

ಸ್ವಿಸ್ ವಾಚುಗಳ ಲೋಕದಲ್ಲಿ ಕಾಗದಕ್ಕೆ ತೂಕ ಹೆಚ್ಚು. ರೋಲೆಕ್ಸ್ ಕಾರ್ಡಿನ ನಂಬರು ವಾಚಿನ ನಂಬರಿಗೆ ಹೊಂದಿದರೆ ಬೆಲೆ ಏರುತ್ತದೆ. ಪಾಟೆಕ್ ಫಿಲಿಪ್ ಕಂಪನಿಯಂತೂ ಹಳೆಯ ವಾಚು ಯಾವಾಗ ತಯಾರಾಯಿತು, ಯಾವಾಗ ಮಾರಾಟವಾಯಿತು ಎಂದು ತನ್ನ ಕಡತ ನೋಡಿ ಬರೆದುಕೊಡುತ್ತದೆ. ಅಲ್ಲಿ ಕಾಗದದ ಹಿಂದೆ ಕಂಪನಿಯೇ ನಿಂತಿರುತ್ತದೆ.

ಎಚ್‌ಎಂಟಿಯ ಹಾದಿ ಬೇರೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ವಾಚು ತಯಾರಿಕೆ ದುಡಿಯುವವರ ಮಣಿಕಟ್ಟನ್ನು ಹುಡುಕಿಕೊಂಡು ಹೋಯಿತು. ಮದುವೆಯಲ್ಲಿ ಅಳಿಯನಿಗೆ, ಪಾಸಾದಾಗ ಮಗನಿಗೆ ಬಂದ ವಾಚು ಕೈಗೇರಿದ ಮೇಲೆ ಖಾಲಿ ಡಬ್ಬಿಯನ್ನು ಯಾರು ಜೋಪಾನ ಮಾಡುತ್ತಾರೆ? ಜಾಲಹಳ್ಳಿಯ ಹಿರಿಯರು ಹೇಳಿದರು: “ಡಬ್ಬಿ ಇತ್ತು ಸಾರ್. ನಮ್ಮನೆಯವರು ಸೂಜಿ, ದಾರ ಹಾಕಿಟ್ಕೊಂಡಿದ್ರು. ಮನೆ ಬದಲಾಯಿಸುವಾಗ ಎಲ್ಲೋ ಹೋಯ್ತು.” ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿದ ಮೇಲೆ ಸಂಗ್ರಾಹಕರು ಹೆಚ್ಚಿದರು, ಖಾಲಿ ಡಬ್ಬಿಗೂ ಬೆಲೆ ಬಂತು. ಬೆಲೆ ಬಂದಲ್ಲಿ ಯಾವುದೋ ಡಬ್ಬಿಗೆ ಯಾವುದೋ ವಾಚು ಜೋಡಿಸುವವರೂ ಬರುತ್ತಾರೆ.

ಹಾಗಾಗಿ ಕಾಗದಕ್ಕಿಂತ ಮೊದಲು ವಾಚನ್ನು ಓದಿ. ನಂಬಿಕೆಯ ರಿಪೇರಿಯವರಿಂದ ಹಿಂಬದಿಯ ಮುಚ್ಚಳ ತೆಗೆಸಿ. ನನ್ನ ಪೈಲಟ್‌ನೊಳಗಿರುವುದು 0231 ಮೆಷಿನ್: 17 ಜ್ಯುವೆಲ್, ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಕೀ ಕೊಟ್ಟು ಕಿವಿಗೆ ಹಿಡಿದರೆ ಆ ಬಡಿತ ಒಂದೇ ಸಮ ಕೇಳಬೇಕು. ಅಸಲಿ ಡಯಲ್ ಹೇಗಿರುತ್ತದೆಂದು ಕಣ್ಣನ್ನು ಪಳಗಿಸಲು ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್‌ಗೆ ಒಂದು ಮಧ್ಯಾಹ್ನ ಕೊಡಿ. ಕಾರ್ಡಿನಲ್ಲಿ ಮಾಡಲ್, ಅಂಗಡಿಯ ಮೊಹರು, ತಾರೀಕು ಇದ್ದು ಅವು ವಾಚಿಗೆ ಹೊಂದಿದರೆ ಹೆಚ್ಚು ಹಣ ಕೊಡುವುದು ನ್ಯಾಯವೇ. ಹೊಂದದಿದ್ದರೆ ಡಬ್ಬಿಗೆ ಡಬ್ಬಿಯ ಬೆಲೆ ಮಾತ್ರ.

ಕರವಸ್ತ್ರದ ವಾಚು ಈಗ ನನ್ನ ಮೇಜಿನ ಮೇಲಿದೆ. ಅದನ್ನು ಎಲ್ಲಿ ಕೊಂಡದ್ದು, ಎಷ್ಟು ವರ್ಷ ಕಟ್ಟಿದ್ದು, ಗಾಜು ಯಾವಾಗ ಬದಲಾಯಿಸಿದ್ದು ಎಂದು ಹಿರಿಯರನ್ನು ಕೇಳಿ ಒಂದು ರಟ್ಟಿನ ಮೇಲೆ ಬರೆದೆ. ಕೆಳಗೆ ಅವರೇ ತಾರೀಕು ಹಾಕಿ ಸಹಿ ಮಾಡಿದರು. ನನ್ನ ನಂತರ ಈ ವಾಚು ಯಾರ ಕೈ ಸೇರಿದರೂ ಕಾಗದ ಸಮೇತ ಸೇರುತ್ತದೆ.