ಓಲೆಯ ಛಾಯಾಪ್ರತಿ ಮತ್ತು ಪಾಠನಿಷ್ಠೆ: ರಾ ಕಡತಗಳ ಪರಿಷ್ಕರಣ ತಂತ್ರಾಂಶಗಳನ್ನು ಕುರಿತು

ಷಟ್ಖಂಡಾಗಮದ ಪ್ರಥಮ ಸಂಪುಟವು ಧವಲಾಟೀಕೆಯೊಡನೆ 1939ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಪ್ರಕಟವಾದಾಗ, ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವು ಇರಬೇಕೋ ಬೇಡವೋ ಎಂಬ ಪ್ರಶ್ನೆ ಎದ್ದುದನ್ನು ಈ ಪತ್ರಿಕೆಯ ವಾಚಕರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಸಂಪಾದಕರ ಕೈಗೆ ದೊರೆತಿದ್ದ ನಾಗರೀ ಪ್ರತಿಗಳು ಮೂಡಬಿದಿರೆಯ ಓಲೆಗಳ ಪ್ರತಿಯ ಪ್ರತಿಗಳು. ಅವುಗಳಲ್ಲಿ ಆ ಪದವಿರಲಿಲ್ಲ. ಅರ್ಥಸಂಗತಿಯನ್ನು ಪರಿಭಾವಿಸಿ ಸಂಪಾದಕರು ಅದು ಇರಬೇಕೆಂದು ಸೂಚಿಸಿದರು. ಅನಂತರ ಮೂಡಬಿದಿರೆಯ ತಾಡಪತ್ರವನ್ನೇ ನೋಡಲಾಗಿ ಪದವು ಅಲ್ಲಿ ದೊರೆಯಿತು. ಮೂರಕ್ಷರದ ಒಂದು ಪದ ಜಾರಿದ್ದರಿಂದ ಮನುಷ್ಯಿಣಿಯರ ಗುಣಸ್ಥಾನಗಳ ವಿಷಯದಲ್ಲಿ ಪಂಡಿತರೊಳಗೆ ದೀರ್ಘ ವಾದವೇ ನಡೆಯಿತು.

ಇಂದು ಪ್ರತಿ ಮಾಡುವವನು ಲಿಪಿಕಾರನಲ್ಲ, ಕ್ಯಾಮರಾ. ಕ್ಯಾಮರಾಕ್ಕೆ ನಿದ್ರೆಯಿಲ್ಲ, ಪ್ರಮಾದವಿಲ್ಲ, ಆದಕಾರಣ ಛಾಯಾಪ್ರತಿಯು ಮೂಲದಷ್ಟೇ ಪ್ರಮಾಣವೆಂಬ ನಂಬಿಕೆ ನಮ್ಮ ವಿದ್ವಾಂಸರಲ್ಲಿ ಬೇರೂರಿದೆ. ಈ ನಂಬಿಕೆ ಅರ್ಧ ಮಾತ್ರ ಸತ್ಯ. ಕ್ಯಾಮರಾ ಮತ್ತು ಓದುಗನ ನಡುವೆ ಒಬ್ಬ ಸಂಪಾದಕನಿದ್ದಾನೆ. ಅವನೇ ರಾ ಕಡತವನ್ನು ಚಿತ್ರವಾಗಿ ಪರಿವರ್ತಿಸುವ ತಂತ್ರಾಂಶ. ಹಸ್ತಪ್ರತಿ ಭಂಡಾರಗಳು ಆ ತಂತ್ರಾಂಶವನ್ನು ಆರಿಸುವಾಗ ಬೆಲೆಯನ್ನೂ ಛಾಯಾಗ್ರಾಹಕನ ಅಭ್ಯಾಸವನ್ನೂ ನೋಡುತ್ತವೆಯೇ ಹೊರತು, ಅದರ ಸಂಪಾದನಕ್ರಮವನ್ನು ಪರೀಕ್ಷಿಸುವುದಿಲ್ಲ. ಆ ಪರೀಕ್ಷೆಯೇ ಪ್ರಸ್ತುತ ಲೇಖನದ ಉದ್ದೇಶ.

ರಾ ಕಡತವೆಂದರೆ ಕ್ಯಾಮರಾದ ಸಂವೇದಕವು ಅಳೆದ ಬೆಳಕಿನ ಲೆಕ್ಕ. ಅದು ಇನ್ನೂ ಚಿತ್ರವಲ್ಲ. ಬಹುತೇಕ ಕ್ಯಾಮರಾಗಳಲ್ಲಿ ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ 1970ರ ದಶಕದಲ್ಲಿ ರೂಪಿಸಿದ ವಿನ್ಯಾಸವೇ ಬಳಕೆಯಲ್ಲಿದೆ. ಅದರಂತೆ ಪ್ರತಿಯೊಂದು ಬಿಂದುವಿನ ಮುಂದೆಯೂ ಒಂದೇ ಬಣ್ಣದ ಸೋಸುಗಾಜು; ಅರ್ಧದಷ್ಟು ಬಿಂದುಗಳಿಗೆ ಹಸಿರು, ಕಾಲುಭಾಗಕ್ಕೆ ಕೆಂಪು, ಕಾಲುಭಾಗಕ್ಕೆ ನೀಲಿ. ಒಂದು ಬಿಂದುವಿಗೆ ಮೂರು ಬಣ್ಣಗಳ ಬೆಲೆ ಬೇಕಾಗಿದ್ದು, ಅಳೆದದ್ದು ಒಂದನ್ನು. ಉಳಿದೆರಡನ್ನು ತಂತ್ರಾಂಶವು ಅಕ್ಕಪಕ್ಕದ ಬಿಂದುಗಳಿಂದ ಊಹಿಸಿ ತುಂಬುತ್ತದೆ. ಇದಕ್ಕೆ ಡಿಮೊಸೈಸಿಂಗ್ ಎಂದು ಹೆಸರು. ಗ್ರಂಥಸಂಪಾದನೆಯ ಭಾಷೆಯಲ್ಲಿ ಹೇಳುವುದಾದರೆ ಚಿತ್ರದ ಮೂರರಲ್ಲಿ ಎರಡು ಪಾಲು ಊಹಾಪಾಠ. ನಾವಾದರೋ ಊಹಾಪಾಠವನ್ನು ಕಂಸದೊಳಗೆ ಹಾಕುತ್ತೇವೆ, ಚಿತ್ರದಲ್ಲಿ ಕಂಸವಿಲ್ಲ. ಊಹಿಸುವ ವಿಧಾನಗಳೂ ಹಲವು. ಒಂದೇ ರಾ ಕಡತವನ್ನು ಎರಡು ತಂತ್ರಾಂಶಗಳಲ್ಲಿ ತೆರೆದರೆ ಎರಡು ಪಾಠಗಳು ದೊರೆಯುವುದು ಸಹಜ.

ಭೂದೃಶ್ಯದಲ್ಲಿ ಈ ಭೇದ ನಗಣ್ಯ. ಓಲೆಯಲ್ಲಿ ಹಾಗಲ್ಲ. ಕಬ್ಬಿಣದ ಕಂಟದಿಂದ ಕೊರೆದು ಮಸಿ ತೊಡೆದ ಅಕ್ಷರದಲ್ಲಿ ಕಾಲಾನಂತರ ಮಸಿ ಉದುರಿ, ಗೆರೆ ಮಾತ್ರ ಉಳಿದಿರುತ್ತದೆ. ಆ ಗೆರೆಯ ಅಗಲ ಚಿತ್ರದಲ್ಲಿ ಕೆಲವೇ ಬಿಂದುಗಳು. ದಕ್ಷಿಣದ ಲಿಪಿಗಳಲ್ಲಿ ಬರೆದ ಪ್ರಾಕೃತ ಪ್ರತಿಗಳಲ್ಲಿ ವ್ಯಂಜನದ ಮುನ್ನ ಸೊನ್ನೆಯಿಟ್ಟು ದ್ವಿತ್ವವನ್ನು ಸೂಚಿಸುವ ರೂಢಿಯುಂಟು. ಆ ಸೊನ್ನೆಗೂ ಹುಳು ಕೊರೆದ ತೂತಿಗೂ ವ್ಯತ್ಯಾಸವನ್ನು ಓದುಗನು ಅಂಚಿನ ಆಕಾರದಿಂದ ತಿಳಿಯಬೇಕು. ಒಂದು ಸಂಗ್ರಹದ ಛಾಯಾಪ್ರತಿಗಳನ್ನು ಓದುತ್ತಿದ್ದಾಗ, ಎರಡು ಸಾಲುಗಳಲ್ಲಿ ದ್ವಿತ್ವ ಬೇಕಾದೆಡೆ ಸೊನ್ನೆ ಕಾಣದೆ, ಲಿಪಿಕಾರನು ಬಿಟ್ಟನೆಂದು ನಾನು ಟಿಪ್ಪಣಿ ಬರೆದಿದ್ದೆ. ಮುಂದೆ ಅದೇ ಓಲೆಯ ರಾ ಕಡತ ದೊರೆತು ತೆರೆದಾಗ ಸೊನ್ನೆಗಳೆರಡೂ ಮಸಕಾಗಿ, ಆದರೆ ನಿಸ್ಸಂದೇಹವಾಗಿ ಅಲ್ಲಿದ್ದವು. ನಾಯ್ಸ್ ತೆಗೆಯುವ ಸಾಧನವು ಅವನ್ನು ಓಲೆಯ ಕಲೆಗಳೊಡನೆ ಒರಸಿಹಾಕಿತ್ತು. ಟಿಪ್ಪಣಿಯನ್ನು ಹೊಡೆದುಹಾಕಿದೆ, ಲಿಪಿಕಾರನ ಕ್ಷಮೆ ಕೇಳುವ ಉಪಾಯ ಮಾತ್ರ ತಿಳಿಯಲಿಲ್ಲ.

ಈಚೆಗೆ ಈ ಅಪಾಯ ಹೆಚ್ಚಿದೆ. ಡಿಎಕ್ಸ್‌ಓ ಸಂಸ್ಥೆಯ ಡೀಪ್‌ಪ್ರೈಮ್ 2020ರಲ್ಲಿಯೂ ಅಡೋಬಿ ಸಂಸ್ಥೆಯ ಡಿನಾಯ್ಸ್ 2023ರಲ್ಲಿಯೂ ಬಂದವು. ಇವು ಲೆಕ್ಕಹಾಕಿ ಮಸಕುಮಾಡುವ ಹಳೆಯ ಕ್ರಮವನ್ನು ಬಿಟ್ಟು, ಮೊದಲೇ ಕಲಿತ ಚಿತ್ರಗಳ ಆಧಾರದಿಂದ ವಿವರಗಳನ್ನು ಪುನರ್ನಿರ್ಮಿಸುತ್ತವೆ. ಮದುವೆಯ ಚಿತ್ರಕ್ಕೆ ಇದು ವರವೇ ಸರಿ. ಲುಪ್ತವಾದ ಅಕ್ಷರವನ್ನು ‘ಹೀಗಿದ್ದೀತು’ ಎಂದು ತುಂಬುವ ಸಾಧನಕ್ಕೆ ತಾಡಪತ್ರದ ಬಳಿ ಕೆಲಸವಿಲ್ಲ.

ಇನ್ನು ತಂತ್ರಾಂಶಗಳನ್ನೇ ನೋಡೋಣ. ಅಡೋಬಿಯ ಲೈಟ್‌ರೂಮ್ 2007ರಿಂದ ಬಳಕೆಯಲ್ಲಿದೆ. ಮೂಲ ಕಡತವನ್ನು ಮುಟ್ಟದೆ, ಮಾಡಿದ ಬದಲಾವಣೆಗಳನ್ನು ಬೇರೆಯಾಗಿ ದಾಖಲಿಸುವ ಕ್ರಮವನ್ನು ಜನಸಾಮಾನ್ಯರ ಕೈಗೆ ತಂದುದರಲ್ಲಿ ಅದರ ಪಾಲು ದೊಡ್ಡದು. ಸಾವಿರಾರು ಓಲೆಗಳಿಗೆ ಏಕರೂಪವಾದ ಸಂಸ್ಕಾರವನ್ನು ಒಮ್ಮೆಲೇ ಅನ್ವಯಿಸುವುದರಲ್ಲಿಯೂ ಅದು ಸಮರ್ಥ. ಆದರೆ 2015ರ ಆರನೆಯ ಆವೃತ್ತಿಯೇ ಕೊಂಡುಕೊಳ್ಳಬಹುದಾಗಿದ್ದ ಕಡೆಯ ಆವೃತ್ತಿ. 2017ರಿಂದ ಹೊಸ ಆವೃತ್ತಿಗಳು ಚಂದಾಕ್ರಮದಲ್ಲಿ ಮಾತ್ರ ದೊರೆಯುತ್ತಿವೆ. ಚಂದಾ ನಿಂತರೆ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಿತ್ರಗಳನ್ನು ನೋಡಬಹುದು, ಹೊರತೆಗೆಯಬಹುದು. ಪರಿಷ್ಕರಣದ ಅಂಗವು ಮುಚ್ಚಿಹೋಗುತ್ತದೆ. ದಾನಿಗಳ ಕೃಪೆಯಿಂದ ನಡೆಯುವ ಮಠ, ಬಸದಿ, ಸಂಶೋಧನ ಕೇಂದ್ರಗಳಿಗೆ ಈ ಬಾಡಿಗೆಯ ಸಂಬಂಧ ಹಿತವಲ್ಲ. ಆಪಲ್ ಸಂಸ್ಥೆಯ ಅಪರ್ಚರ್ 2005ರಲ್ಲಿ ಹುಟ್ಟಿತು. ಅದನ್ನು ಮುಂದುವರಿಸುವುದಿಲ್ಲವೆಂದು 2014ರಲ್ಲಿ ಸಂಸ್ಥೆಯೇ ಸಾರಿತು. ಹತ್ತು ವರ್ಷ ತುಂಬದ ಆಯುಸ್ಸು! ಎಂಟು ಒಂಬತ್ತು ಶತಮಾನ ಬಾಳಿದ ಓಲೆಯ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು.

ಪರ್ಯಾಯಗಳಲ್ಲಿ ನನ್ನ ಒಲವು ರಾಥೆರಪಿಯ ಕಡೆಗೆ. 2010ರಿಂದ ಇದರ ಮೂಲಸಂಕೇತವು ಜಿಪಿಎಲ್ ಪರವಾನಗಿಯಡಿ ಮುಕ್ತವಾಗಿದೆ. ಬೆಲೆಯಿಲ್ಲದಿರುವುದು ನನ್ನ ಮುಖ್ಯ ಕಾರಣವಲ್ಲ. ಇದು ಪ್ರತಿಯೊಂದು ಚಿತ್ರದ ಪಕ್ಕದಲ್ಲಿ ‘ಪಿಪಿ3’ ಎಂಬ ಕಡತವನ್ನಿಡುತ್ತದೆ. ಅದು ಸಾದಾ ಪಠ್ಯ. ಯಾವ ಡಿಮೊಸೈಸಿಂಗ್ ವಿಧಾನ, ಬೆಳಕು ಎಷ್ಟು ಏರಿತು, ಷಾರ್ಪನಿಂಗ್ ಇತ್ತೇ ಇಲ್ಲವೇ ಎಂಬುದನ್ನು ಯಾವ ಗಣಕದಲ್ಲಾದರೂ ತೆರೆದು ಓದಬಹುದು. ಛಾಯಾಪ್ರತಿಗೆ ಇದಕ್ಕಿಂತ ಉತ್ತಮವಾದ ಅಡಿಟಿಪ್ಪಣಿಯನ್ನು ನಾನು ಕಂಡಿಲ್ಲ. ‘ನ್ಯೂಟ್ರಲ್’ ಎಂಬ ಆಯ್ಕೆಯಿಂದ ಅಲಂಕಾರಗಳನ್ನೆಲ್ಲ ಕಳಚಿ ಆರಂಭಿಸುವ ಅನುಕೂಲವೂ ಉಂಟು. ಫ್ಲಾಟ್ ಫೀಲ್ಡ್ ಎಂಬ ಸಾಧನವು ಉದ್ದನೆಯ ಓಲೆಗಳಿಗೆ ಬಹು ಉಪಯುಕ್ತ: ಅದೇ ದೀಪ, ಅದೇ ಮಸೂರದಲ್ಲಿ ಬರಿಯ ಬಿಳಿ ಹಾಳೆಯೊಂದನ್ನು ಸೆರೆಹಿಡಿದು ಕೊಟ್ಟರೆ, ಅಂಚುಗಳ ಕತ್ತಲನ್ನು ಅಕ್ಷರಕ್ಕೆ ಕೈಹಾಕದೆ ಸಮಮಾಡುತ್ತದೆ. ದೋಷಗಳಿಲ್ಲವೆಂದಲ್ಲ. ಗುಂಡಿಗಳ ಸಂದಣಿ ಹೊಸಬನನ್ನು ಹೆದರಿಸುತ್ತದೆ. ಕೆಲವು ಪರಿಣಾಮಗಳು ಚಿತ್ರವನ್ನು ಪೂರ್ಣಪ್ರಮಾಣಕ್ಕೆ ಹಿಗ್ಗಿಸಿದಾಗಲಷ್ಟೇ ಕಾಣುತ್ತವೆ. ಇದನ್ನು ಅರಿಯದವನು ಮೋಸಹೋಗುತ್ತಾನೆ.

2009ರಲ್ಲಿ ಆರಂಭವಾದ ಡಾರ್ಕ್‌ಟೇಬಲ್ ಸಹ ಮುಕ್ತ ತಂತ್ರಾಂಶವೇ. 2017ರ ಕೊನೆಯಿಂದ ವಿಂಡೋಸ್ ಗಣಕಗಳಲ್ಲಿಯೂ ದೊರೆಯುತ್ತಿದೆ. ಮಾಡಿದ ಕ್ರಿಯೆಗಳನ್ನು ಅನುಕ್ರಮವಾಗಿ ದಾಖಲಿಸುವುದು, ಕೈಬಿಟ್ಟ ಸಾಧನಗಳನ್ನೂ ಹಳೆಯ ಕಡತಗಳಿಗಾಗಿ ಉಳಿಸಿಕೊಳ್ಳುವುದು ಇದರ ಶ್ಲಾಘ್ಯ ಗುಣಗಳು. ಬಣ್ಣದ ಪಟ್ಟಿಯನ್ನು ಓಲೆಯೊಡನೆ ಚಿತ್ರಿಸಿದ್ದರೆ ಅದರಿಂದ ವರ್ಣಶುದ್ಧಿ ಮಾಡುವ ಸಾಧನವೂ ಇದರಲ್ಲಿದೆ; ಮೂಡಬಿದಿರೆಯ ಚಿತ್ರಿತ ಓಲೆಗಳಂಥವುಗಳಿಗೆ ನಾನು ಇದನ್ನೇ ಆರಿಸುವೆನು. ಆದರೆ ಇದರ ಪಕ್ಕಕಡತದಲ್ಲಿ ಸಾಧನಗಳ ಹೆಸರುಗಳಷ್ಟೇ ಓದಲು ಬರುತ್ತವೆ; ಪ್ರಮಾಣಗಳು ಸಂಕೇತಾಕ್ಷರಗಳ ಮೊತ್ತವಾಗಿದ್ದು, ಆ ತಂತ್ರಾಂಶವಿಲ್ಲದೆ ತಿಳಿಯವು. ಟಿಪ್ಪಣಿಯುಂಟು, ಲಿಪಿ ಮಾತ್ರ ಅಜ್ಞಾತ.

ಕ್ಯಾಪ್ಚರ್ ಒನ್‌ಗೆ ಪರಂಪರೆಯ ವಸ್ತುಗಳಿಗೆಂದೇ ಪ್ರತ್ಯೇಕ ಆವೃತ್ತಿಯಿದೆ. ಅದರ ಗುಣದ ಬಗ್ಗೆ ಆಕ್ಷೇಪವಿಲ್ಲ, ವೆಚ್ಚದ ದೃಷ್ಟಿಯಿಂದ ನಮ್ಮ ಭಂಡಾರಗಳಿಗೆ ಅದು ದೂರ.

ಯಾವುದನ್ನೇ ಆರಿಸಿದರೂ ರಾ ಕಡತವನ್ನು ಅಳಿಸಲಾಗದು. ಹದಿನಾಲ್ಕು ಬಿಟ್‌ಗಳ ರಾ ಕಡತದಲ್ಲಿ ಬೆಳಕಿನ 16,384 ಮೆಟ್ಟಿಲುಗಳಿರುತ್ತವೆ, ಜೇಪೆಗ್‌ನಲ್ಲಿ 256. ಜಾಗ ಉಳಿಸುವ ನೆಪದಿಂದ ಮೊದಲನೆಯದನ್ನು ಅಳಿಸಿ ಎರಡನೆಯದನ್ನು ಇಟ್ಟುಕೊಳ್ಳುವುದು, ಪ್ರತಿ ಸಿದ್ಧವಾಯಿತೆಂದು ಓಲೆಯನ್ನು ಹೊಳೆಗೆ ಬಿಟ್ಟಂತೆ. ಕ್ಯಾಮರಾ ತಯಾರಕರು ತಮ್ಮ ಕಡತಗಳ ರಚನೆಯನ್ನು ಗುಟ್ಟಾಗಿಡುವುದರಿಂದ, ಅಡೋಬಿಯೇ 2004ರಲ್ಲಿ ಪ್ರಕಟಿಸಿದ ಡಿಎನ್‌ಜಿ ರೂಪದಲ್ಲಿಯೂ ಒಂದು ಪ್ರತಿಯಿರುವುದು ಲೇಸು; ಅದರ ವಿವರಣೆ ಎಲ್ಲರಿಗೂ ತೆರೆದಿದೆ. ಬಾಡಿಗೆಯ ವಿಷಯದಲ್ಲಿ ದೂರಿದ ಸಂಸ್ಥೆಗೆ ಈ ವಿಷಯದಲ್ಲಿ ಋಣವನ್ನು ಒಪ್ಪಿಕೊಳ್ಳಬೇಕು.

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ 1948ರಲ್ಲಿ ಪ್ರಕಟವಾದಾಗ ಪತ್ರಗಳ ಸಂಖ್ಯೆ, ಪುಟಕ್ಕೆ ಪಂಕ್ತಿ, ಪಂಕ್ತಿಗೆ ಅಕ್ಷರ ಇವುಗಳನ್ನು ದಾಖಲಿಸುವುದು ಸೂಚಿಕಾರನ ಕರ್ತವ್ಯವಾಗಿತ್ತು. ಇಂದಿನ ಸೂಚಿಗಳಲ್ಲಿ ‘ಛಾಯಾಪ್ರತಿ ಉಂಟು’ ಎಂಬ ಎರಡು ಪದಗಳಿಗೆ ವಿವರಣೆ ಮುಗಿಯುತ್ತದೆ. ರಾ ಕಡತವಿದೆಯೇ, ಯಾವ ತಂತ್ರಾಂಶದ ಎಷ್ಟನೆಯ ಆವೃತ್ತಿಯಲ್ಲಿ ಪರಿಷ್ಕೃತವಾಯಿತು, ನಾಯ್ಸ್ ತೆಗೆಯಲಾಗಿದೆಯೇ, ಪಕ್ಕಕಡತ ಎಲ್ಲಿದೆ ಎಂಬ ನಾಲ್ಕು ಅಂಶಗಳಿಗೆ ಸೂಚಿಯಲ್ಲಿ ಒಂದು ಸಾಲು ಸಾಕು. ಆ ಸಾಲಿಲ್ಲದ ಛಾಯಾಪ್ರತಿಯಿಂದ ಪಾಠಾಂತರವನ್ನು ಎತ್ತಿಕೊಳ್ಳುವಾಗ, ಅದನ್ನು ಓಲೆಯ ಪಾಠವೆಂದು ಬರೆಯದೆ ಛಾಯಾಪ್ರತಿಯ ಪಾಠವೆಂದೇ ನಾನು ಈಗ ಬರೆಯುತ್ತಿದ್ದೇನೆ.