ಹನ್ನೊಂದು ಕಿಲೋ ಕಾಟು, ಒಂದು ಹಳೇ ಸೀರೆ

ಬಾಕ್ಸಿನ ಮೇಲೆ ದಪ್ಪಕ್ಷರದಲ್ಲಿ ‘ಟ್ರಾವೆಲ್ ಕಾಟ್’ ಅಂತ ಬರೆದಿತ್ತು. ಅದರ ತೂಕ 11 ಕಿಲೋ. ಅದರಲ್ಲಿ ಮಲಗಬೇಕಾಗಿದ್ದ ನನ್ನ ಮಗಳಿಗೆ ಆಗ ಏಳು ತಿಂಗಳು, ತೂಕ 7 ಕಿಲೋ. ಕೂಸಿಗಿಂತ ಹಾಸಿಗೆ ಭಾರ ಅನ್ನೋದು ಆರ್ಡರ್ ಮಾಡುವಾಗ ಹೊಳೆಯಲೇ ಇಲ್ಲ. ಆಫೀಸಿನಲ್ಲಿ ಬೇರೆಯವರ ಕೋಡಿನಲ್ಲಿ ಒಂದು ಸೆಮಿಕೋಲನ್ ತಪ್ಪಿದರೂ ಬಿಡದ ನಾನು, ಎರಡು ರಾತ್ರಿ ಕೂತು ರಿವ್ಯೂ ಓದಿ, ಎಲ್ಲರೂ ‘ಒಂದೇ ನಿಮಿಷದಲ್ಲಿ ಮಡಚಬಹುದು’ ಅಂತ ಬರೆದದ್ದನ್ನ ನಂಬಿ ದುಡ್ಡು ಕಟ್ಟಿದೆ. ಮಡಚೋದೇನೋ ಸರಿ. ಬಿಡಿಸೋದು ಎಲ್ಲಿ ಅಂತ ಒಬ್ಬರೂ ಬರೆದಿರಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಕೇಳಿದ್ದು ನನ್ನ ಹೆಂಡತಿ, ಅದೂ ರೈಲು ಹತ್ತಿದ ಮೇಲೆ. ‘ರೀ, ಇದನ್ನ ಇಲ್ಲಿ ಎಲ್ಲಿ ಬಿಡಿಸ್ತೀರಾ?’

ಬೆಂಗಳೂರಿನಿಂದ ರಾಯಬಾಗಕ್ಕೆ ಒಂದು ಇಡೀ ರಾತ್ರಿಯ ಪ್ರಯಾಣ. ಅಲ್ಲಿಂದ ನಮ್ಮೂರು ಅಲಖನೂರ. ಕಾಟು ಸೀಟಿನ ಕೆಳಗೆ ಹೋಗಲಿಲ್ಲ. ಮೇಲಿನ ಬರ್ತಿನಲ್ಲಿ ನನ್ನ ಕಾಲ ಬುಡದಲ್ಲಿ ಅದು ಮಲಗಿತು, ಅಡ್ಡಡ್ಡ. ಕೆಳಗಿನ ಬರ್ತಿನಲ್ಲಿ ತಾಯಿ-ಮಗಳು. ಐದು ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ ಬೇಡ, ಹಾಗಾಗಿ ಬರ್ತೂ ಇಲ್ಲ. ಸುಮಾರು ಎರಡಡಿ ಅಗಲದ ಹಲಗೆಯಲ್ಲಿ ಇಬ್ಬರು. ರಾತ್ರಿ ಯಾವುದೋ ಹೊತ್ತಿನಲ್ಲಿ ರೈಲು ಜಗ್ಗಿದಾಗ ಕೂಸು ಉರುಳಿ ಅಂಚಿಗೆ ಬಂದಿದೆ; ಇವಳು ಹಿಡಿದದ್ದು ಒಂದು ಕಾಲು ಮಾತ್ರ. ಆಮೇಲೆ ಬೆಳಗಿನ ತನಕ ಕೂತೇ ಇದ್ದಳು, ತನ್ನ ಮೊಣಕಾಲನ್ನೇ ಗೋಡೆ ಮಾಡಿಕೊಂಡು. ಇದೆಲ್ಲ ನನಗೆ ಗೊತ್ತಾದದ್ದು ಊರಿಗೆ ಬಂದ ಮೇಲೆ. ನಾನು ಮೇಲೆ ಕಾಟಿನ ಜೊತೆ ಗೊರಕೆ ಹೊಡೆಯುತ್ತಿದ್ದೆ. ಅವಳು ಎಬ್ಬಿಸಲೂ ಇಲ್ಲ. ‘ಎಬ್ಬಿಸಿದ್ದರೆ ನೀವು ಬಂದು ಎಲ್ಲಿ ಕೂರ್ತಿದ್ರಿ?’ ಅಂದಳು. ಈ ಪ್ರಶ್ನೆಗೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ರೈಲ್ವೆಯವರಿಗೆ ಈ ಸಮಸ್ಯೆ ಕಂಡಿಲ್ಲ ಅಂತ ಹೇಳೋ ಹಾಗಿಲ್ಲ. 2022ರ ಮೇ ತಿಂಗಳಲ್ಲಿ, ತಾಯಂದಿರ ದಿನಕ್ಕೆ, ಲಖನೌ ಮೇಲ್ ರೈಲಿನ ಒಂದು ಬೋಗಿಯಲ್ಲಿ ಪ್ರಯೋಗಕ್ಕೆ ಅಂತ ‘ಬೇಬಿ ಬರ್ತ್’ ಹಾಕಿದ್ದರು. ಕೆಳಗಿನ ಬರ್ತಿನ ಅಂಚಿಗೆ ಕೀಲು ಹಾಕಿ ಜೋಡಿಸಿದ ಪುಟ್ಟ ಹಲಗೆ. ಬೇಡವಾದಾಗ ಕೆಳಗೆ ಮಡಚಬಹುದು. ಫೋಟೋ ನೋಡಿ ವಾಟ್ಸಾಪಿನಲ್ಲಿ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಅಪ್ಪನಾದ ಮೇಲೆ ಅದೇ ಫೋಟೋ ಮತ್ತೆ ನೋಡಿದೆ. ಉದ್ದ 770 ಮಿಲಿಮೀಟರ್, ಅಗಲ 255, ಎತ್ತರ 76. ಅಂದರೆ ಹತ್ತು ಇಂಚು ಅಗಲ, ಮೂರು ಇಂಚಿನ ಆಸರೆ. ಕೂಸು ಮಲಗೋದು ತಾಯಿಯ ಹೊರಗಡೆ, ಜನ ಓಡಾಡುವ ಕಡೆ. ಮೇಲಿನ ಬರ್ತಿನವನು ಕಾಲಿಡೋದೂ ಅಲ್ಲೇ, ನೀರಿನ ಬಾಟಲಿ ಬೀಳೋದೂ ಅಲ್ಲೇ. ಕೆಲವರು ಇದನ್ನ ಆಗಲೇ ಎತ್ತಿ ಹೇಳಿದ್ದರು, ಮೇಲೊಂದು ಹೊದಿಕೆ ಇರೋ ಸುಧಾರಿಸಿದ ಮಾದರಿಯೂ ಬಂತು. ಯೋಚನೆ ಒಳ್ಳೆಯದೇ. ಆದರೆ ಮಾಡಿದವರು ತಾಯಿಯ ಜಾಗದಲ್ಲಿ ಮಲಗಿ ನೋಡಿದಂತೆ ಕಾಣಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಡೆಮೊಗೆ ಪಾಸು, ಪ್ರೊಡಕ್ಷನ್ನಿನಲ್ಲಿ ಫೇಲು.

ಹಾಗಂತ ನನ್ನ ಕಾಟನ್ನೂ ಸುಮ್ಮನೆ ಬೈಯಲಾರೆ. ಅಮೆರಿಕದ ಗ್ರಾಕೊ ಕಂಪನಿ 1987ರಲ್ಲಿ ‘ಪ್ಯಾಕ್ ಎನ್ ಪ್ಲೇ’ ಅನ್ನೋ ಮಡಚುವ ಕಾಟು ತಂತು. ಇವತ್ತು ಸಿಗೋ ಕಾಟುಗಳೆಲ್ಲ ಹೆಚ್ಚುಕಡಿಮೆ ಅದೇ ಜಾತಿಯವು. ಅದಕ್ಕೆ ಬೇಕಾದದ್ದು ಒಂದು ಕಾರು, ಕಾರಿಗೊಂದು ಡಿಕ್ಕಿ, ಹೋದಲ್ಲಿ ಒಂದು ಖಾಲಿ ಕೋಣೆ. ನನಗೆ ಇದನ್ನ ಶಿಫಾರಸು ಮಾಡಿದ ಗೆಳೆಯ ಇರೋದು ಸಿಯಾಟಲ್‌ನಲ್ಲಿ. ಅವನಿಗೆ ಮೂರೂ ಇವೆ. ಆದರೆ ಒಂದು ವಿಷಯದಲ್ಲಿ ಅದು ಪಕ್ಕಾ. ತಳ ಸಪಾಟು, ಹಾಸಿಗೆ ಗಟ್ಟಿ, ಸುತ್ತ ಗಾಳಿಯಾಡುವ ಜಾಳಿಗೆ. ಕೂಸನ್ನ ಬೆನ್ನ ಮೇಲೆ, ಸಪಾಟಾದ ಗಟ್ಟಿ ಹಾಸಿಗೆಯಲ್ಲಿ, ದಿಂಬು ಗೊಂಬೆ ಏನೂ ಇಲ್ಲದೆ ಮಲಗಿಸಬೇಕು ಅಂತ ಮಕ್ಕಳ ಡಾಕ್ಟರುಗಳು ಹೇಳೋದನ್ನ ಇದು ಪಾಲಿಸುತ್ತೆ.

ಊರಲ್ಲಿ ಕಾಟು ಬಿಡಿಸಿದಾಗ ಅವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ಸುತ್ತು ಹಾಕಿ ನೋಡಿದಳು.

‘ಏನೋ ತಮ್ಮಾ ಇದು, ಕೋಳಿ ಗೂಡ ಆದಂಗ ಆಗೈತಲ್ಲೋ!’

ಮಗಳು ಅದರೊಳಗೆ ಎರಡು ನಿಮಿಷ ಇದ್ದಳು. ಆಮೇಲೆ ಅತ್ತ ಅಳು ಹಿಂದಿನ ಓಣಿಗೂ ಕೇಳಿಸಿರಬೇಕು. ಅವ್ವ ಟ್ರಂಕಿನಿಂದ ಹಳೇ ಇಳಕಲ್ ಸೀರೆ ತೆಗೆದಳು, ಜಂತಿಗೆ ಹಗ್ಗ ಹಾಕಿದಳು, ಒಳಗೊಂದು ಕೌದಿ ಮಡಚಿ ಹಾಸಿದಳು. ಜೋಳಿಗೆ ಸಿದ್ಧ. ನಾಲ್ಕು ಸಲ ತೂಗಿದ್ದಕ್ಕೆ ಕೂಸು ಮಲಗಿಬಿಟ್ಟಿತು. ಹೆಂಡತಿ ಆ ಮಧ್ಯಾಹ್ನ ಮೂರು ತಾಸು ನಿದ್ದೆ ಮಾಡಿದಳು.

ಇಂಥ ಬರಹಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಹಳೇದೇ ಚಿನ್ನ, ಅವ್ವನೇ ಗೂಗಲ್ಲು, ಶೇರ್ ಮಾಡಿ. ನಾನೂ ಹಾಗೇ ಒಂದು ಪೋಸ್ಟ್ ಬರೆಯೋಣ ಅಂತ ಜೋಳಿಗೆಯ ಫೋಟೋ ತೆಗೆಯುತ್ತಿದ್ದೆ. ಅವ್ವ ಹಗ್ಗದ ಗಂಟನ್ನ ಮತ್ತೆ ಮತ್ತೆ ಜಗ್ಗಿ ನೋಡುತ್ತಿದ್ದಳು. ಐದಾರು ಸಲ ಆದ ಮೇಲೆ ‘ಯಾಕವ್ವಾ ಇಷ್ಟ ಸಲ?’ ಅಂದೆ.

‘ನಿನ್ನ ಹುಬ್ಬಿನ ಮ್ಯಾಲ ಕಲೀ ಐತಲ್ಲ,’ ಅಂದಳು. ‘ಕಟ್ಟಿ ಮ್ಯಾಲಿಂದ ಬಿದ್ದೀ ಅಂತ ಹೇಳೀನಲ್ಲಾ, ಅದು ಸುಳ್ಳ. ಕಬ್ಬಿನ ಹೊಲದಾಗ ಜಾಲಿ ಗಿಡಕ್ಕ ಜೋಳಗಿ ಕಟ್ಟಿದ್ನಿ. ಗಂಟ ಸಡ್ಲಾತು. ನಾ ಕಳೆ ತಗ್ಯಾಕ ಹ್ವಾದಾಕಿ ದೂರ ಇದ್ನಿ.’

ಮೂವತ್ತನಾಲ್ಕು ವರ್ಷ ಈ ಸುಳ್ಳನ್ನ ಆಕೆ ಒಬ್ಬಳೇ ಹೊತ್ತಿದ್ದಳು. ನಮ್ಮಪ್ಪನಿಗೂ ಹೇಳಿರಲಿಲ್ಲವಂತೆ. ನಾನು ಫೋಟೋ ಅಳಿಸಿದೆ.

ಜೋಳಿಗೆಯ ತೊಂದರೆ ಗಂಟಿನದ್ದು ಮಾತ್ರ ಅಲ್ಲ. ಬಟ್ಟೆ ಬಾಗುತ್ತೆ, ಕೂಸಿನ ಬೆನ್ನೂ ಬಾಗುತ್ತೆ, ಗದ್ದ ಎದೆಗೆ ತಾಗಿದರೆ ಉಸಿರಿನ ದಾರಿ ಕಿರಿದಾಗುತ್ತೆ. ಸ್ವಲ್ಪ ದೊಡ್ಡ ಮಕ್ಕಳು ಅದರಲ್ಲಿ ಸುತ್ತು ತಿರುಗಿ ಆಡುವಾಗ ಸೀರೆ ಕೊರಳಿಗೆ ಬಿಗಿದು ಜೀವ ಹೋದ ಸುದ್ದಿ ನಾವೆಲ್ಲ ಪೇಪರಿನಲ್ಲಿ ಓದಿದ್ದೇವೆ. ದೊಡ್ಡ ಕಂಪನಿಗಳು ಇದರಲ್ಲಿ ಜಾಣರು ಅಂತಲೂ ತಿಳಿಯಬೇಡಿ. ಫಿಶರ್ ಪ್ರೈಸ್‌ನವರ ‘ರಾಕ್ ಎನ್ ಪ್ಲೇ’ ಅನ್ನೋ ಇಳಿಜಾರಿನ ತೂಗುಹಾಸಿಗೆ 2009ರಿಂದ ಹತ್ತು ವರ್ಷ ಮಾರಾಟವಾಯಿತು. 2019ರ ಏಪ್ರಿಲ್‌ನಲ್ಲಿ ಸುಮಾರು 47 ಲಕ್ಷ ಹಾಸಿಗೆಗಳನ್ನ ವಾಪಸ್ ಕರೆದಾಗ ಮೂವತ್ತಕ್ಕೂ ಹೆಚ್ಚು ಕೂಸುಗಳು ತೀರಿಹೋಗಿದ್ದವು. ಹತ್ತು ಡಿಗ್ರಿಗಿಂತ ಹೆಚ್ಚು ಇಳಿಜಾರಿರೋ ಕೂಸಿನ ಹಾಸಿಗೆಯನ್ನೇ ಅಮೆರಿಕ ಕಾನೂನು ಮಾಡಿ ನಿಷೇಧಿಸಿದ್ದು 2022ರ ಮೇನಲ್ಲಿ, ಇತ್ತ ಲಖನೌ ಮೇಲ್‌ಗೆ ಹಲಗೆ ಹಾಕಿದ ಅದೇ ತಿಂಗಳು. ಕೂಸಿಗೆ ಬೇಗ ನಿದ್ದೆ ಬಂತು ಅನ್ನೋದು ಅದು ಸುರಕ್ಷಿತವಾಗಿದೆ ಅನ್ನೋದಕ್ಕೆ ಸಾಕ್ಷಿಯಲ್ಲ. ಅಲ್ಲಿನ ಅಪ್ಪ-ಅಮ್ಮಂದಿರೂ ರಿವ್ಯೂನಲ್ಲಿ ಐದು ಸ್ಟಾರ್ ಕೊಟ್ಟಿದ್ದು ನಿದ್ದೆಗೇ.

ಹಾಗಾಗಿ ನಮ್ಮನೆಯಲ್ಲಿ ಒಂದು ಒಪ್ಪಂದವಾಯಿತು. ಯಾರಾದರೂ ಎದುರಿಗೆ ಕೂತಿದ್ದಾಗ ಮಾತ್ರ ಜೋಳಿಗೆ. ರಾತ್ರಿ ನೆಲದ ಮೇಲೆ, ಗಟ್ಟಿಯಾಗಿ ಮಡಚಿದ ಕೌದಿಯ ಮೇಲೆ. ಕಾಟಿನಲ್ಲಿ ಅವಳು ಮತ್ತೆ ಮಲಗಲಿಲ್ಲ.

ಕಾಟು ವ್ಯರ್ಥವಾಗಬಾರದು ಅಂತ ನನಗೊಂದು ಘನವಾದ ಯೋಚನೆ ಬಂತು. ಆಗ ಕಬ್ಬಿನ ಸುಗ್ಗಿ. ಬೀಡ್ ಜಿಲ್ಲೆಯ ಕಡೆಯಿಂದ ಬಂದ ಕಬ್ಬು ಕಡಿಯುವ ಗ್ಯಾಂಗು ನಮ್ಮ ಹೊಲದ ಪಕ್ಕ ಗುಡಿಸಲು ಹಾಕಿತ್ತು. ಬೆಳಗಿನ ಜಾವದ ಚಳಿಯಲ್ಲಿ ಗಂಡ-ಹೆಂಡತಿ ಇಬ್ಬರೂ ಕಡಿಯೋರು. ಕೂಸು ಟ್ರ್ಯಾಕ್ಟರ್ ಟ್ರೇಲರಿನ ಕೆಳಗೆ ಜೋಳಿಗೆಯಲ್ಲಿ. ಬೆಂಗಳೂರಿನ ನನ್ನ ಆಫೀಸಿನಲ್ಲಿ ಕ್ರೆಶ್ ಇದೆ, ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದಲ್ಲಿ ಇರಲೇಬೇಕು ಅಂತ 2017ರಲ್ಲಿ ಕಾನೂನು ಬಂತು. ನರೇಗಾ ಕೆಲಸಕ್ಕೆ ಹೋಗೋ ತಾಯಂದಿರಿಗೆ ನಮ್ಮ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ ಘೋಷಿಸಿತು, ಪಂಚಾಯ್ತಿಗೊಂದರಂತೆ ನಾಲ್ಕು ಸಾವಿರ. ಒಳ್ಳೇ ಕೆಲಸ. ಆದರೆ ಪಂಚಾಯ್ತಿ ಇದ್ದಲ್ಲೇ ಇರುತ್ತೆ, ಗ್ಯಾಂಗು ಇವತ್ತು ಈ ಹೊಲ, ನಾಳೆ ಇನ್ನೊಂದು ಊರು. ನಿಜವಾಗಿ ಟ್ರಾವೆಲ್ ಕಾಟ್ ಬೇಕಾದದ್ದು ಇವರಿಗೆ ತಾನೇ?

ಹೊತ್ತುಕೊಂಡು ಹೋಗಿ ಆ ತಾಯಿಯ ಎದುರು ಬಿಡಿಸಿ ತೋರಿಸಿದೆ. ಕೂಸನ್ನ ಸೊಂಟಕ್ಕೆ ಸರಿಸಿಕೊಂಡು, ಒಂದು ಕೈಯಿಂದ ಅದನ್ನ ಎತ್ತಿ ನೋಡಿ ಕೆಳಗಿಟ್ಟಳು.

‘ವಜ್ಜಾ ಐತ್ರಿ ಸಾಹೇಬ್ರ,’ ಅಂದಳು, ಮರಾಠಿ ರಾಗದ ಕನ್ನಡದಲ್ಲಿ. ಆಮೇಲೆ ಟ್ರೇಲರ್ ಕಡೆ ಕೈ ಮಾಡಿ, ಅಲ್ಲಿ ಪಾತ್ರೆ, ಒಲೆ, ಹಾಸಿಗೆ, ಎರಡು ಆಡು, ಇಷ್ಟರಲ್ಲಿ ಇದಕ್ಕೆ ಜಾಗ ಎಲ್ಲಿ ಅನ್ನೋ ಹಾಗೆ ನೋಡಿದಳು.

ನಾನು ಓದಿದ ಅಷ್ಟೂ ರಿವ್ಯೂಗಳಲ್ಲಿ ಈ ಎರಡು ಶಬ್ದ ಇದ್ದಿದ್ದರೆ ನನ್ನ ದುಡ್ಡು ಉಳೀತಿತ್ತು.

ಕಾಟು ಈಗಲೂ ಅಲಖನೂರಿನಲ್ಲೇ ಇದೆ. ಹೋದ ವಾರ ಫೋನಿನಲ್ಲಿ ಕೇಳಿದೆ. ಅವ್ವ ಅದರಲ್ಲಿ ಗೋವಿನಜೋಳದ ತೆನೆ ತುಂಬಿಟ್ಟಿದ್ದಾಳಂತೆ.

‘ಚಲೋ ಐತಿ ತಮ್ಮಾ, ಸುತ್ತ ಜಾಳಗಿ ಐತಲ್ಲಾ, ಗಾಳಿ ಆಡತೈತಿ.’