ಘೋಷಣೆಯಿಂದ ಪಾಠಕ್ಕೆ: ‘ಪ್ರಕೃತಿಯನ್ನು ಕುರಿತ ಜೈನ ಘೋಷಣೆ’ – ಒಂದು ವಿಮರ್ಶೆ

1990ನೆಯ ಇಸವಿಯ ಅಕ್ಟೋಬರ್ 23ರಂದು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಜೈನ ಸಮಾಜದ ಪರವಾಗಿ ಒಂದು ಪುಟ್ಟ ಹೊತ್ತಗೆಯನ್ನು ರಾಜಕುಮಾರ ಫಿಲಿಪ್ ಅವರಿಗೆ ಸಮರ್ಪಿಸಲಾಯಿತು. ಅವರು ಆಗ ವಿಶ್ವ ವನ್ಯನಿಧಿಯ ಅಧ್ಯಕ್ಷರಾಗಿದ್ದರು. ನ್ಯಾಯವೇತ್ತರಾದ ಡಾ. ಲಕ್ಷ್ಮೀಮಲ್ ಸಿಂಘ್ವಿಯವರು ರಚಿಸಿದ ಆ ಹೊತ್ತಗೆಯೇ ‘ಪ್ರಕೃತಿಯನ್ನು ಕುರಿತ ಜೈನ ಘೋಷಣೆ’. ಅಂದಿನಿಂದ ಅದು ಅನೇಕ ಸಭೆಗಳಲ್ಲಿ ಓದಲ್ಪಟ್ಟಿದೆ, ಸ್ಮರಣ ಸಂಚಿಕೆಗಳಲ್ಲಿ ಮರುಮುದ್ರಣಗೊಂಡಿದೆ. ಶಾಲೆಗಳಲ್ಲಿ ಪರಿಸರ ದಿನದಂದು ಮಕ್ಕಳ ಬಾಯಲ್ಲಿ ಅದರ ಸಾರಾಂಶವನ್ನು ಹೇಳಿಸುವ ಪದ್ಧತಿಯನ್ನೂ ಕಂಡಿದ್ದೇನೆ. ಇಷ್ಟು ಗೌರವಕ್ಕೆ ಪಾತ್ರವಾದ ಬರಹವನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಕೆಲವರಿಗೆ ಅಪಚಾರವೆಂದು ತೋರಬಹುದು. ಆದರೆ ಮಕ್ಕಳ ಕೈಗೆ ಕೊಡುವ ಯಾವ ಬರಹವನ್ನಾದರೂ ಹಿರಿಯರು ಮೊದಲು ಪರೀಕ್ಷಿಸಿ ನೋಡಬೇಕಷ್ಟೆ.

ಅದರ ಗುಣಗಳ ವಿಷಯದಲ್ಲಿ ವಿವಾದವಿಲ್ಲ. ಅಹಿಂಸೆ, ಅನೇಕಾಂತ, ಸಮತ್ವ, ಜೀವದಯೆ, ಪಂಚವ್ರತಗಳು ಇವೆಲ್ಲವನ್ನೂ ಹೊರಗಿನವರಿಗೆ ತಿಳಿಯುವ ಹಾಗೆ ಕೆಲವೇ ಪುಟಗಳಲ್ಲಿ ಹೇಳುವುದು ಸುಲಭದ ಕೆಲಸವಲ್ಲ. ದುಂದುವೆಚ್ಚವನ್ನೂ ಮಾಲಿನ್ಯವನ್ನೂ ಹಿಂಸೆಯ ಸಾಲಿಗೆ ಸೇರಿಸಿದ ಧೈರ್ಯವಂತೂ ಮೆಚ್ಚತಕ್ಕದ್ದು.

ನನ್ನ ಮೊದಲನೆಯ ಆಕ್ಷೇಪ ಸೂತ್ರವ್ಯಾಖ್ಯಾನಕ್ಕೆ ಸಂಬಂಧಿಸಿದ್ದು. ಘೋಷಣೆಯು ಮುಖ್ಯ ಆಧಾರವಾಗಿ ಹಿಡಿದಿರುವುದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದ 21ನೆಯ ಸೂತ್ರವನ್ನು. ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ಕಾಲದಲ್ಲಿ, ಅಂದರೆ 1974–75ರಲ್ಲಿ, ಸ್ವೀಕೃತವಾದ ಜೈನ ಪ್ರತೀಕದ ಕೆಳಗೂ ಅದೇ ಇದೆ. ಆದುದರಿಂದ ಮದುವೆಯ ಆಮಂತ್ರಣ ಪತ್ರಿಕೆಯನ್ನು ಓದಬಲ್ಲ ಮಗುವಿಗೂ ಅದು ಪರಿಚಿತ. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತವೆಂಬುದು ಅದರ ತಾತ್ಪರ್ಯ. ಆದರೆ ಆ ಅಧ್ಯಾಯದ ಪ್ರಕರಣವೇ ಬೇರೆ. ಧರ್ಮ, ಅಧರ್ಮ, ಆಕಾಶ, ಪುದ್ಗಲ ಎಂಬ ದ್ರವ್ಯಗಳ ಉಪಕಾರವನ್ನು ಹೇಳುತ್ತಾ ಬಂದ ಆಚಾರ್ಯರು ಜೀವದ ಉಪಕಾರವನ್ನು ಇಲ್ಲಿ ಹೇಳಿ, ಮುಂದಿನ ಸೂತ್ರದಲ್ಲಿ ಕಾಲದ ಉಪಕಾರಕ್ಕೆ ಹೋಗುತ್ತಾರೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ಉದಾಹರಣೆಗಳು ಒಡೆಯ ಮತ್ತು ಸೇವಕ, ಗುರು ಮತ್ತು ಶಿಷ್ಯ. ಕಾಡು, ನದಿ, ಮಳೆಗಳ ಅವಲಂಬನೆಗೆ ಈ ಸೂತ್ರವನ್ನು ಅನ್ವಯಿಸುವುದು ನಮ್ಮ ಕಾಲದ ವಿಸ್ತರಣೆ. ವಿಸ್ತರಣೆ ತಪ್ಪಲ್ಲ, ವಿಸ್ತರಣೆಯೆಂದು ಹೇಳದಿರುವುದು ತಪ್ಪು. ಕಾಲೇಜಿಗೆ ಹೋದ ಹುಡುಗನು ಮೂಲವನ್ನು ತೆರೆದು ನೋಡಿದ ದಿನ, ಹಿರಿಯರು ತನಗೆ ಪೂರ್ತಿ ಹೇಳಲಿಲ್ಲವೆಂದು ತಿಳಿಯುತ್ತಾನೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗುರುತರವಾದುದು. ಜೈನಧರ್ಮವು ಮೂಲತಃ ಪರಿಸರಧರ್ಮವೇ ಎಂಬರ್ಥದ ಮಾತು ಘೋಷಣೆಯಲ್ಲಿ ಬರುತ್ತದೆ. 1987ರ ಬ್ರಂಟ್‌ಲೆಂಡ್ ಆಯೋಗದ ವರದಿಯಿಂದ ಪ್ರಚಾರಕ್ಕೆ ಬಂದ ‘ಸುಸ್ಥಿರ ಅಭಿವೃದ್ಧಿ’ಯ ಕಲ್ಪನೆ ಮನುಷ್ಯನ ಅಗತ್ಯದಿಂದ ಹೊರಡುತ್ತದೆ. ಇಂದಿನವರ ಅಗತ್ಯ ಪೂರೈಸಬೇಕು, ಮುಂದಿನವರ ಪಾಲು ಕೆಡಬಾರದು ಎಂಬುದು ಅದರ ಲೆಕ್ಕ. ನಮ್ಮ ಆಗಮವಾದರೋ ಪೃಥ್ವೀಕಾಯ, ಅಪ್ಕಾಯ, ತೇಜಸ್ಕಾಯ, ವಾಯುಕಾಯ, ವನಸ್ಪತಿಕಾಯಗಳೆಂಬ ಏಕೇಂದ್ರಿಯ ಜೀವಗಳಿಂದ ಹೊರಡುತ್ತದೆ. ನೀರನ್ನು ಸೋಸುವ ಶ್ರಾವಿಕೆಯು ಸೋಸಿದ ಬಟ್ಟೆಯನ್ನು ಅದೇ ಬಾವಿಯ ನೀರಿನಲ್ಲಿ ಮರಳಿ ಅದ್ದುತ್ತಿದ್ದುದು ಮೊಮ್ಮಕ್ಕಳಿಗೆ ನೀರು ಉಳಿಯಲೆಂದಲ್ಲ, ಆ ಬಟ್ಟೆಯಲ್ಲಿ ಸಿಕ್ಕ ಜೀವಗಳು ತಮ್ಮ ನೆಲೆಗೆ ಹಿಂತಿರುಗಲೆಂದು. ತನ್ನ ಆತ್ಮಕ್ಕೆ ಕರ್ಮವು ಅಂಟದಿರಲೆಂದು. ಎರಡು ದಾರಿಗಳೂ ಅನೇಕ ಕಡೆ ಒಂದೇ ಬಾವಿಯ ಬಳಿಗೆ ಬಂದು ಕೂಡುತ್ತವೆ, ನಿಜ. ಆದರೂ ಅವು ಎರಡು ದಾರಿಗಳು. ಮಕ್ಕಳಿಗೆ ಎರಡನ್ನೂ ಬೇರೆ ಬೇರೆಯಾಗಿ ತೋರಿಸಿದರೆ ಅವರ ಬುದ್ಧಿಗೆ ಕೆಲಸ ಸಿಗುತ್ತದೆ. ಒಂದೇ ಎಂದು ಹೇಳಿಬಿಟ್ಟರೆ ಅವರಿಗೆ ಉಳಿಯುವುದು ಸ್ವಮತ ಪ್ರಶಂಸೆ ಮಾತ್ರ.

ಮೂರನೆಯದು ಪರಿಮಾಣದ ಪ್ರಶ್ನೆ. ಬಯಕೆಯನ್ನು ಕಡಿಮೆ ಮಾಡಿಕೊಳ್ಳಿ, ಮಿತವಾಗಿ ಬಳಸಿ ಎಂದು ಘೋಷಣೆ ಹೇಳುತ್ತದೆ. ಎಷ್ಟು ಕಡಿಮೆ, ಯಾವುದರಲ್ಲಿ, ಎಷ್ಟು ದಿನ ಎಂಬುದನ್ನು ಗೃಹಸ್ಥನು ಹೇಗೆ ಗೊತ್ತುಮಾಡಿಕೊಳ್ಳಬೇಕೆಂದು ಹೇಳುವುದಿಲ್ಲ. ವ್ಯಾಪಾರದಲ್ಲಿ ಜೀವಮಾನ ಕಳೆದ ನನಗೆ, ಅಂಕಿಯಿಲ್ಲದ ಸಂಕಲ್ಪವು ಕಿರ್ದಿಗೆ ಇಳಿಯದ ವ್ಯವಹಾರದಂತೆ ಕಾಣುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವೆಂಬ ವ್ರತವೇ ಇದೆ. ಆಹಾರ, ವಾಹನ, ಶಯನ, ಸ್ನಾನ, ವಸ್ತ್ರ ಮೊದಲಾದವುಗಳಿಗೆ ಒಂದು ದಿನ, ಒಂದು ಪಕ್ಷ, ಒಂದು ಮಾಸ ಎಂದು ಅವಧಿ ಗೊತ್ತುಮಾಡಿ ಎಲ್ಲೆ ಹಾಕಿಕೊಳ್ಳುವ ಕ್ರಮವದು. ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆ ಎಂಬುದೊಂದು. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡಮರ ಕಡಿಯುವುದು ಇವೆಲ್ಲ ಅದರೊಳಗೆ ಬರುತ್ತವೆ. ಐದನೆಯ ತರಗತಿಯ ಮಗುವೂ ಬೆರಳು ಮಡಿಸಿ ಎಣಿಸಬಹುದಾದ ಪಾಠವಿದು. ಅರಮನೆಗೆ ಕೊಂಡೊಯ್ಯಲು ಇದು ತಕ್ಕುದಾಗಿರಲಿಲ್ಲವೇನೋ. ಮನೆಗೂ ಶಾಲೆಗೂ ಇದೇ ತಕ್ಕುದು.

ಘೋಷಣೆಯು ಪಠ್ಯಪುಸ್ತಕವಲ್ಲ, ಅದನ್ನು ಹೀಗೆ ಅಳೆಯುವುದು ಅನ್ಯಾಯ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ತಪ್ಪು ಬರೆದವರದಲ್ಲ, ಅದನ್ನು ಪಾಠವಾಗಿ ಮಾಡಿಕೊಂಡ ನಮ್ಮದು.

ಸರ್ಕಾರದ ಶಾಲಾಶಿಕ್ಷಣದಲ್ಲಿಯೂ ಪರಿಸ್ಥಿತಿ ಬಹಳ ಬೇರೆಯಲ್ಲ. 1977ರ ತ್ಬಿಲಿಸಿ ಸಮ್ಮೇಳನವು ಪರಿಸರ ಶಿಕ್ಷಣಕ್ಕೆ ಅರಿವು, ಜ್ಞಾನ, ಮನೋಭಾವ, ಕೌಶಲ, ಪಾಲುಗೊಳ್ಳುವಿಕೆ ಎಂಬ ಗುರಿಗಳನ್ನು ಹೇಳಿತು. ಎಂ. ಸಿ. ಮೆಹ್ತಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಪರಿಸರವನ್ನು ಕಡ್ಡಾಯ ವಿಷಯವಾಗಿ ಬೋಧಿಸಬೇಕೆಂದು ನಿರ್ದೇಶಿಸಿ, 2003ರಲ್ಲಿ ಅದರ ಪಾಲನೆಗೆ ಮತ್ತೆ ಆಜ್ಞೆ ಮಾಡಬೇಕಾಯಿತು. ಪುಸ್ತಕ ಬಂದಿತು, ಅಂಕಗಳೂ ಬಂದವು. ಐದನೆಯ ಗುರಿಯು ಹೆಚ್ಚಿನ ಕಡೆ ಪ್ರಾಜೆಕ್ಟ್ ಪುಸ್ತಕದ ರಟ್ಟಿನ ಆಚೆಗೆ ಬರಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ವಸ್ತುಪ್ರದರ್ಶನಕ್ಕೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಅಂಗಡಿಯಿಂದ ತಂದ ಥರ್ಮೊಕೋಲಿನಲ್ಲಿ ಕೊರೆದ ಕಾಡು, ಥರ್ಮೊಕೋಲಿನ ಜಿಂಕೆ, ನೀಲಿ ಬಣ್ಣ ಬಳಿದ ಥರ್ಮೊಕೋಲಿನ ನದಿ! ಒಬ್ಬ ಹುಡುಗಿ ಮಾತ್ರ ಮಾದರಿಯನ್ನು ಮಾಡಿರಲಿಲ್ಲ. ಒಂದು ನೋಟುಪುಸ್ತಕದಲ್ಲಿ ತನ್ನ ಮನೆಯಲ್ಲಿ ವಾರಕ್ಕೆ ಎಷ್ಟು ಹಾಲಿನ ಪ್ಯಾಕೆಟ್ಟು, ಎಷ್ಟು ಕೈಚೀಲ ಬರುತ್ತವೆಂದು ಗೆರೆ ಹಾಕಿ ಬರೆದಿದ್ದಳು. ನೋಡಿ ಸಂತೋಷವಾಯಿತು. ಅವಳು ತಲೆಯೆತ್ತಿ, “ಅಜ್ಜ, ಬಸದಿಯ ಊಟದಲ್ಲಿ ಎಷ್ಟು ಲೋಟ ಎಸೆಯುತ್ತಾರೆ? ಅದನ್ನೂ ಬರೆಯಬೇಕೆಂದಿದ್ದೆ, ಯಾರೂ ಹೇಳಲಿಲ್ಲ” ಎಂದಳು. ಆ ಟ್ರಸ್ಟಿನ ಖರೀದಿಯ ಬಿಲ್ಲುಗಳಿಗೆ ಸಹಿ ಹಾಕುವವನು ನಾನೇ. ಲೆಕ್ಕ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲವೆಂದೆ.

ಸತ್ಯಾಣುವ್ರತಕ್ಕೆ ಬಂದ ಆ ಅತಿಚಾರಕ್ಕೆ ಪ್ರಾಯಶ್ಚಿತ್ತವೆಂಬಂತೆ ಮನೆಗೆ ಬಂದು ಹಳೆಯ ಬಿಲ್ಲುಗಳನ್ನು ತೆಗೆದು ಕೂಡಿದೆ. ಒಂದು ವರ್ಷದ ಪರ್ವಗಳಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಲೋಟಗಳಾದವು. ಕಾಗದದವೆಂದು ನಾವು ಸಮಾಧಾನಪಟ್ಟುಕೊಂಡಿದ್ದೆವು. ಆದರೆ ಕಾಗದದ ಲೋಟದ ಒಳಮೈಗೂ ಪ್ಲಾಸ್ಟಿಕ್ಕಿನ ತೆಳುಪದರ ಇರುತ್ತದೆ. ಆ ಅಂಕಿಯನ್ನು ಹುಡುಗಿಗೆ ಕಳುಹಿಸಿಕೊಟ್ಟೆ, ಟ್ರಸ್ಟಿನ ಸಭೆಯಲ್ಲಿಯೂ ಓದಿದೆ.

ಸಭೆಯಲ್ಲಿ ಎದ್ದ ಮಾತುಗಳನ್ನು ಇಲ್ಲಿ ದಾಖಲಿಸಬೇಕು, ಏಕೆಂದರೆ ನಿಜವಾದ ಪಾಠ ಅಲ್ಲಿಯೇ ಇತ್ತು. ಬಾಳೆಯೆಲೆಯಾಗಲೆಂದು ಒಬ್ಬರು ಹೇಳಿದರೆ, ಪರ್ವದಿನದಲ್ಲಿ ಹಸಿರನ್ನು ಕೊಯ್ಯಬಾರದೆಂಬ ನಿಯಮವುಳ್ಳ ಶ್ರಾವಿಕೆಯೊಬ್ಬರು ಒಪ್ಪಲಿಲ್ಲ. ಸ್ಟೀಲಿನ ಲೋಟ, ತಟ್ಟೆಗಳಾಗಲೆಂದರೆ, ತೊಳೆಯುವ ನೀರಿನಲ್ಲಿ ಅಪ್ಕಾಯ ಜೀವಗಳ ವಿರಾಧನೆ ಎಷ್ಟು, ಬೇಸಗೆಯಲ್ಲಿ ಬಾವಿ ತಾಳುವುದೇ, ತೊಳೆಯುವ ಹೆಂಗಸರ ಕೂಲಿಗೆ ಎಲ್ಲಿಂದ ಹಣ ಎಂದು ಕೇಳಿದರು. ಒಂದೂ ಸುಳ್ಳು ಆಕ್ಷೇಪವಲ್ಲ. ಮಕ್ಕಳು ಇಂಥ ಚರ್ಚೆಯನ್ನು ಕೇಳಬೇಕೆಂದು ನಾನು ಸೂಚಿಸಿದಾಗ, ಹಿರಿಯರ ಭಿನ್ನಾಭಿಪ್ರಾಯವನ್ನು ಹುಡುಗರ ಮುಂದೆ ಆಡಬಾರದೆಂದು ಇಬ್ಬರು ವಿರೋಧಿಸಿದರು. ಅನೇಕಾಂತವನ್ನು ಬೋಧಿಸುವ ಸಮಾಜಕ್ಕೆ ಇಷ್ಟು ಅಳುಕೇಕೆಂದು ಈಗಲೂ ನನಗೆ ಅರ್ಥವಾಗಿಲ್ಲ.

ಕಡೆಗೆ ಬಹುಮತದಿಂದ ಒಪ್ಪಿಗೆಯಾಯಿತು. ಬರುವ ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಐದು ದಿನ ಸ್ಟೀಲಿನ ಪಾತ್ರೆ, ಐದು ದಿನ ಒಣಗಿದ ಮುತ್ತುಗದ ಎಲೆ. ತೊಳೆಯಲು ಹೋದ ನೀರನ್ನು ಕೊಡಗಳಲ್ಲಿ ಎಣಿಸುವವರು, ಉಳಿದ ಅನ್ನವನ್ನು ತೂಗುವವರು, ಕೂಲಿಯನ್ನೂ ಎಲೆಯ ಬೆಲೆಯನ್ನೂ ಬರೆದುಕೊಳ್ಳುವವರು ಪಾಠಶಾಲೆಯ ಮಕ್ಕಳು. ಆ ನೋಟುಪುಸ್ತಕದ ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ. ಲೆಕ್ಕದ ಹಾಳೆಗೆ ಗೆರೆ ಹಾಕಿಕೊಟ್ಟವಳು ಅವಳೇ. ‘ಷರಾ’ ಎಂದು ಒಂದು ಅಂಕಣವನ್ನು ಖಾಲಿ ಬಿಟ್ಟಿದ್ದಾಳೆ. ಅದು ಟ್ರಸ್ಟಿಗಳು ತುಂಬಬೇಕಾದದ್ದಂತೆ.